ಪ್ರತಿಕಾಯ ಇಳಿದರೆ ಲಸಿಕೆ ಸೋತಂತಲ್ಲ

‘ಮೂರು ಇಂಜೆಕ್ಷನ್ ಹಾಕಿಸಿಕೊಂಡರೂ ಕೊರೋನಾ ಬಂತಲ್ಲ ಫಾದರ್, ಮತ್ತೆ ಲಸಿಕೆಯಿಂದ ಪ್ರಯೋಜನವೇನು?’ ಎಂದು ನಮ್ಮ ಹಿರಿಯರಲ್ಲಿ ಕೆಲವರು ಈಗಲೂ ಕೇಳುವುದುಂಟು. ರಕ್ತದಲ್ಲಿನ ಪ್ರತಿಕಾಯಗಳು ಕೆಲವೇ ತಿಂಗಳಲ್ಲಿ ಇಳಿಯುತ್ತವೆ ಎಂಬ ಸುದ್ದಿ ಹಿಡಿದು ಎಲ್ಲ ಲಸಿಕೆಗಳನ್ನೂ ತಳ್ಳಿಹಾಕುವವರೂ ಇದ್ದಾರೆ. ಇದು ಅರ್ಧ ಸತ್ಯ. ಉಳಿದರ್ಧವನ್ನೂ ತಿಳಿಯುವುದು ಒಳಿತು.

ಮೊದಲ ಲಸಿಕೆ ಪಡೆದಾಗ ದೇಹವು ರೋಗಾಣುವಿನ ಗುರುತು ಹಿಡಿದು ನಿಧಾನವಾಗಿ ಪ್ರತಿಕಾಯಗಳನ್ನು ತಯಾರಿಸುತ್ತದೆ. ತಿಂಗಳುಗಳು ಕಳೆದಂತೆ ಅವು ಇಳಿಯುತ್ತವೆ. ಗುರುತು ಮಾತ್ರ ಅಳಿಯುವುದಿಲ್ಲ. ಕೊಯ್ಲು ಮುಗಿದು ಗದ್ದೆ ಬರಿದಾದರೂ ಬಿತ್ತನೆಯ ಮುಡಿ ಅಟ್ಟದಲ್ಲಿ ಇರುವಂತೆ, ನೆನಪಿನ ಕಣಗಳು ದೇಹದಲ್ಲಿ ಉಳಿದಿರುತ್ತವೆ. ಬೂಸ್ಟರ್ ಬಿದ್ದೊಡನೆ ಅವು ಎಚ್ಚೆತ್ತು, ಒಂದೆರಡು ವಾರದೊಳಗೆ ಹಿಂದಿಗಿಂತ ಹೆಚ್ಚು ಪ್ರತಿಕಾಯಗಳನ್ನು ಕೊಡುತ್ತವೆ. ಇವು ರೋಗಾಣುವನ್ನು ಹೆಚ್ಚು ಬಿಗಿಯಾಗಿಯೂ ಹಿಡಿಯುತ್ತವೆ. 2021ರ ಕೊನೆಗೆ ಬಂದ ಓಮಿಕ್ರಾನ್ ಎರಡು ಡೋಸಿನ ಪ್ರತಿಕಾಯಗಳಿಂದ ಬಹುಮಟ್ಟಿಗೆ ತಪ್ಪಿಸಿಕೊಂಡಿತು. ಮೂರನೆಯ ಡೋಸಿನ ಬಳಿಕ ಅದನ್ನು ತಡೆಯುವ ಶಕ್ತಿ ಸಾಕಷ್ಟು ಏರಿತು. ನಮ್ಮ ದೇಶದಲ್ಲಿ 2022ರ ಜನವರಿ 10ರಿಂದ ‘ಮುನ್ನೆಚ್ಚರಿಕೆ ಡೋಸ್’ ಎಂದು ಕೊಟ್ಟದ್ದು ಇದನ್ನೇ.

ಬೂಸ್ಟರಿನ ಪ್ರತಿಕಾಯಗಳೂ ಕ್ರಮೇಣ ಇಳಿಯುತ್ತವೆ, ನಿಜ. ಆಗ ಶೀತ, ಜ್ವರ ಬಂದೀತು. ಆದರೆ ನೆನಪಿನ ಕಣಗಳೂ, ಸೋಂಕು ತಗಲಿದ ಕಣಗಳನ್ನು ಹುಡುಕಿ ನಾಶಮಾಡುವ ಬಿಳಿ ರಕ್ತಕಣಗಳೂ ರೋಗ ಉಲ್ಬಣಿಸದಂತೆ ಕಾಯುತ್ತವೆ. ಆದುದರಿಂದ ಜ್ವರ ಬಂತೇ ಎಂದು ಕೇಳಿದರೆ ಸಾಲದು. ಆಮ್ಲಜನಕ ಬೇಕಾಯಿತೇ, ಜೀವ ಉಳಿಯಿತೇ ಎಂದು ಕೇಳಬೇಕು. ಪ್ರತಿಕಾಯದ ಅಂಕಿಯೊಂದನ್ನೇ ತಿಳಿಯಲು ಹಣ ಕೊಟ್ಟು ರಕ್ತಪರೀಕ್ಷೆ ಮಾಡಿಸುವ ಅಗತ್ಯವೂ ಸಾಮಾನ್ಯವಾಗಿ ಇಲ್ಲ.

ಗಡಿನಾಡಿನವರಾದ ನಮಗೆ ಇದು ಬರಿಯ ಪಾಠವಲ್ಲ. 2020ರ ಮಾರ್ಚಿನಲ್ಲಿ ತಲಪಾಡಿಯ ದಾರಿ ಮುಚ್ಚಿ, ಮಂಗಳೂರಿನ ಆಸ್ಪತ್ರೆಗೆ ಹೋಗಲಾಗದೆ ಕಾಸರಗೋಡಿನ ರೋಗಿಗಳು ಪಟ್ಟ ಪಾಡನ್ನು ಯಾರು ಮರೆತಾರು? ಆಸ್ಪತ್ರೆ ದೂರವಿದ್ದವರಿಗೆ ರೋಗ ಉಲ್ಬಣಿಸದಂತೆ ನೋಡಿಕೊಳ್ಳುವುದೇ ಮೊದಲ ಮದ್ದು.

ಫ್ಲೂ ವೈರಾಣುವಂತೂ ವರ್ಷವರ್ಷ ವೇಷ ಬದಲಿಸುತ್ತದೆ. ಆದ್ದರಿಂದಲೇ ಅದರ ಲಸಿಕೆ ವರ್ಷಕ್ಕೊಮ್ಮೆ. ವಯಸ್ಸಾದವರಲ್ಲಿ ಪ್ರತಿಕಾಯಗಳು ಹುಟ್ಟುವುದೂ ಕಡಿಮೆ. ಹಟ್ಟಿಯ ದನಗಳಿಗೆ ಕಾಲುಬಾಯಿ ಜ್ವರದ ಚುಚ್ಚುಮದ್ದನ್ನು ಮತ್ತೆ ಮತ್ತೆ ಹಾಕಿಸುವ ನಾವು, ಮನೆಯ ಅಜ್ಜ ಅಜ್ಜಿಯರ ಲಸಿಕೆಯ ವಿಷಯದಲ್ಲಿ ಉದಾಸೀನ ತೋರುವುದು ಸಲ್ಲದು. ಮಳೆಗಾಲಕ್ಕೆ ಮುನ್ನ, ಸಕ್ಕರೆ ಕಾಯಿಲೆ, ದಮ್ಮು ಇರುವವರನ್ನೂ ಹಿರಿಯರನ್ನೂ ವೈದ್ಯರ ಬಳಿಗೆ ಕರೆದೊಯ್ದು, ಯಾವ ಲಸಿಕೆ ಬೇಕೆಂದು ಕೇಳಿರಿ. ಲಸಿಕೆ ಪಡೆಯುವುದು ಪ್ರೀತಿಯ ಕಾರ್ಯವೆಂದು ಪೋಪ್ ಫ್ರಾನ್ಸಿಸರು 2021ರಲ್ಲಿ ಹೇಳಿದ್ದರು. ಹಿರಿಯರನ್ನು ಗೌರವಿಸಬೇಕೆಂಬ ದೇವರ ಕಟ್ಟಳೆಯಲ್ಲಿ ಇದೂ ಸೇರಿದೆ ಎಂಬುದು ನಮ್ಮ ಅಭಿಮತ.