ಇನ್ನೆರಡು ವರ್ಷ ಕಾಯಿರಿ, ಹುಡುಗ ಉದ್ದ ಇದಾನೆ...

ಮೆಲ್ಬರ್ನಿನಲ್ಲಿ ಕೆಲಸ ಮಾಡೋ ನಮ್ಮಂಥವರಿಗೆ ಚಳಿಗಾಲದ ಸೋಮವಾರಗಳಲ್ಲಿ ಎರಡೇ ದಾರಿ. ಒಂದೋ ಫೂಟಿ ಅರ್ಥ ಮಾಡಿಕೊಳ್ಳಬೇಕು, ಇಲ್ಲಾ ಕಾಫಿ ಕಪ್ಪು ಹಿಡಕೊಂಡು ಸುಮ್ನೆ ತಲೆ ಆಡಿಸ್ತಾ ನಿಲ್ಲಬೇಕು. ಬಂದ ಮೊದಲನೇ ವರ್ಷ ನಾನು ತಲೆ ಆಡಿಸಿದೆ. ಎರಡನೇ ವರ್ಷದಿಂದ ವಾದ ಮಾಡ್ತಾ ಇದೀನಿ :-)

ಫೂಟಿ ಅಂದ್ರೆ ನಾವು ನೀವು ಅಂದುಕೊಳ್ಳೋ ಫುಟ್‌ಬಾಲ್ ಅಲ್ಲ. ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್. ಬಾಕ್ಸಿಂಗ್ ಡೇ ಟೆಸ್ಟ್ ನೋಡೋಕೆ ಬೆಳಗಿನ ಜಾವ ಎದ್ದು ಟಿವಿ ಮುಂದೆ ಕೂರ್ತಿದ್ವಲ್ಲ, ಅದೇ ಎಂಸಿಜಿ ಮೈದಾನ ಚಳಿಗಾಲದಲ್ಲಿ ಈ ಆಟದ್ದು. ಕಡೆಗೆ 18 ಜನ, ಮೊಟ್ಟೆ ಆಕಾರದ ಚೆಂಡು. ಹಿಡಿದು ಓಡಬಹುದು, ಒದೀಬಹುದು, ಮುಷ್ಟಿಯಲ್ಲಿ ಗುದ್ದಿ ಇನ್ನೊಬ್ಬನಿಗೆ ಕೊಡಬಹುದು, ಆದ್ರೆ ಎಸೆಯೋ ಹಾಗಿಲ್ಲ. ಪ್ರತಿ ಕ್ವಾರ್ಟರ್ ಶುರುವಿನಲ್ಲಿ, ಪ್ರತಿ ಗೋಲ್ ಆದ ಮೇಲೆ, ಮೈದಾನದ ನಟ್ಟನಡುವೆ ಅಂಪೈರ್ ಚೆಂಡನ್ನ ಮೇಲಕ್ಕೆ ಬಿಡ್ತಾರೆ. ಆಗ ಎರಡೂ ಕಡೆಯಿಂದ ಒಬ್ಬೊಬ್ಬ ಭಾರೀ ಎತ್ತರದ ಆಳು ಓಡಿಬಂದು ಹಾರಿ, ಗಾಳಿಯಲ್ಲೇ ಡಿಕ್ಕಿ ಹೊಡೆದು, ಚೆಂಡನ್ನ ತನ್ನ ಕಡೆಯ ಗಿಡ್ಡ ಆಟಗಾರರ ಕೈಗೆ ಬೀಳೋ ಹಾಗೆ ತಟ್ಟಬೇಕು. ಇವನೇ ರಕ್‌ಮನ್. ಹಾಗೆ ತಟ್ಟೋದಕ್ಕೆ ಹಿಟ್‌ಔಟ್ ಅಂತಾರೆ. ಈಗಿನ ಎಎಫ್‌ಎಲ್‌ನಲ್ಲಿ ಎರಡು ಮೀಟರಿಗಿಂತ ಕಮ್ಮಿ ಇರೋ ರಕ್‌ಮನ್ ಅಪರೂಪ.

ಪ್ರತಿ ಕ್ಲಬ್ಬಿನಲ್ಲೂ ಒಬ್ಬ ಹುಡುಗ ಇರ್ತಾನೆ. ವಯಸ್ಸು 20-21, ಎತ್ತರ ಆರಡಿ ಒಂಬತ್ತಿಂಚು, ಕೈಕಾಲು ನುಗ್ಗೇಕಾಯಿ ಥರ. ದೊಡ್ಡ ಟೀಮಿಗೆ ಇನ್ನೂ ಬಂದಿಲ್ಲ, ಅಥವಾ ಮೂರು ಮ್ಯಾಚ್ ಆಡಿ ವಾಪಸ್ ರಿಸರ್ವ್ಸ್‌ಗೆ ಹೋಗಿದಾನೆ. ಅವನ ವಿಷಯ ಬಂದ ತಕ್ಷಣ ಅಭಿಮಾನಿಗಳಲ್ಲಿ ಎರಡು ಪಂಗಡ. "ರಕ್‌ಮನ್‌ಗಳು ಮಾಗೋದೇ ಲೇಟು, ಇನ್ನೆರಡು ವರ್ಷ ಕೊಡಿ" ಅಂತ ಒಂದು. "ಮೂರು ವರ್ಷದಿಂದ ಇದನ್ನೇ ಕೇಳ್ತಿದೀವಿ, ತೆಗೆದುಹಾಕಿ, ಆ ಜಾಗಕ್ಕೆ ಒಬ್ಬ ಮಿಡ್‌ಫೀಲ್ಡರ್ ತನ್ನಿ" ಅಂತ ಇನ್ನೊಂದು. ಯಾವ ಕ್ಲಬ್ಬು, ಯಾವ ಹುಡುಗ ಅಂತ ನಾನು ಹೆಸರು ಬರೆಯಲ್ಲ. ಪಾಪ, ಇನ್ನೂ ಚಿಕ್ಕವನು.

ಮೊದಲನೇ ಪಂಗಡದ ಮಾತಿನಲ್ಲಿ ಹುರುಳಿದೆ. ಸರ್ರನೆ ಎತ್ತರ ಬೆಳೆದ ಹುಡುಗನ ಮೈಗೆ ಮಾಂಸಖಂಡ ಕೂಡೋಕೆ ವರ್ಷಗಳು ಬೇಕು. ಅವನ ಎದುರಿಗೆ ಹಾರೋನು 28-30 ವರ್ಷದ, ನೂರು ಕೆಜಿ ದಾಟಿದ ಗಟ್ಟಿ ಆಳು. ಸಾಲದ್ದಕ್ಕೆ ಒಂದು ಟೀಮಿಗೆ ಬೇಕಾಗಿರೋದು ಒಬ್ಬನೋ ಇಬ್ಬರೋ ರಕ್‌ಮನ್‌ಗಳು. ಮೇಲಿರೋನು ಗಟ್ಟಿಮುಟ್ಟಾಗಿದ್ರೆ ಕೆಳಗಿನವನಿಗೆ ಆಟವೇ ಸಿಗಲ್ಲ, ಆಟ ಸಿಗದೆ ಕಲಿಯೋದು ಹೇಗೆ?

ಇವರ ಬತ್ತಳಿಕೆಯ ಬ್ರಹ್ಮಾಸ್ತ್ರ ಮ್ಯಾಕ್ಸ್ ಗಾನ್. 208 ಸೆಂಟಿಮೀಟರ್. 2009ರ ಡ್ರಾಫ್ಟ್‌ನಲ್ಲಿ ಮೆಲ್ಬರ್ನ್ ಕ್ಲಬ್ ಇವನನ್ನ ತಗೊಂಡಿದ್ದು 34ನೇ ಆಯ್ಕೆಯಾಗಿ. (ಡ್ರಾಫ್ಟ್ ಅಂದ್ರೆ ನಮ್ಮ ಸಿಇಟಿ ಸೀಟ್ ಹಂಚಿಕೆ ಉಲ್ಟಾ ಆದ ಹಾಗೆ. ಇಲ್ಲಿ ಕಾಲೇಜುಗಳು ಸರದಿಯಲ್ಲಿ ಹುಡುಗರನ್ನ ಆರಿಸ್ತವೆ, ಹಿಂದಿನ ವರ್ಷ ಫೇಲಾದ ಕಾಲೇಜಿಗೆ ಮೊದಲ ಸರದಿ!) 2011ರಲ್ಲಿ ಮೊದಲ ಮ್ಯಾಚ್. ಮೊಣಕಾಲಿನ ಗಾಯದಿಂದ 2012ರ ಸೀಸನ್ ಪೂರ್ತಿ ಹೋಯಿತು. ಆಲ್-ಆಸ್ಟ್ರೇಲಿಯನ್ ತಂಡಕ್ಕೆ ಮೊದಲ ಸಲ ಬಂದಿದ್ದು 2016ರಲ್ಲಿ, 24ನೇ ವಯಸ್ಸಿಗೆ, ಅಂದ್ರೆ ಡ್ರಾಫ್ಟ್ ಆಗಿ ಸುಮಾರು ಏಳು ವರ್ಷಕ್ಕೆ. 2020ರಲ್ಲಿ ನಾಯಕ. 2021ರ ಕೊನೇ ಲೀಗ್ ಸುತ್ತಿನಲ್ಲಿ ಜೀಲಾಂಗ್ ವಿರುದ್ಧ ಸೈರನ್ ಆದ ಮೇಲೆ ಒದ್ದು ಗೆಲ್ಲಿಸಿದ, ಅದೇ ಜೀಲಾಂಗ್ ವಿರುದ್ಧ ಪ್ರಿಲಿಮಿನರಿ ಫೈನಲ್‌ನಲ್ಲಿ ಐದು ಗೋಲ್ ಹೊಡೆದ, ಸೆಪ್ಟೆಂಬರ್ 25ರಂದು ಪರ್ತ್‌ನಲ್ಲಿ ವೆಸ್ಟರ್ನ್ ಬುಲ್‌ಡಾಗ್ಸ್‌ನ 74 ಪಾಯಿಂಟ್‌ಗಳಿಂದ ಸೋಲಿಸಿ ಕಪ್ ಎತ್ತಿದ. 1964ರ ನಂತರ ಮೆಲ್ಬರ್ನ್‌ಗೆ ಅದೇ ಮೊದಲ ಕಪ್.

ಇನ್ನೊಂದು ತಮಾಷೆ. 2009ರ ಆ ಡ್ರಾಫ್ಟ್‌ನಲ್ಲಿ ಒಂದನೇ ಆಯ್ಕೆ, ಎರಡನೇ ಆಯ್ಕೆ ಎರಡೂ ಮೆಲ್ಬರ್ನ್‌ದೇ ಆಗಿದ್ವು. ಟಾಮ್ ಸ್ಕಲ್ಲಿ, ಜ್ಯಾಕ್ ಟ್ರೆಂಗೋವ್. ಸ್ಕಲ್ಲಿ 2011ರ ಕೊನೆಗೆ ಹೊಸ ಕ್ಲಬ್ಬಿಗೆ ಹೊರಟುಹೋದ, ಟ್ರೆಂಗೋವ್‌ನ ಪಾದದ ಮೂಳೆ ಕೈಕೊಟ್ಟಿತು. 2021ರಲ್ಲಿ ಕಪ್ ಎತ್ತುವಾಗ ಇದ್ದಿದ್ದು 34ನೇ ಆಯ್ಕೆಯ ಈ ಉದ್ದನೆ ಹುಡುಗ.

ಈ ಕಥೆ ಕೇಳಿದ ಮೇಲೆ ಯಾರಿಗೆ ತಾನೇ ಹುಡುಗನನ್ನ ತೆಗೆದುಹಾಕಿ ಅನ್ನೋ ಮನಸ್ಸು ಬರತ್ತೆ? ನನಗೆ ತಕರಾರು ಇರೋದೇ ಇಲ್ಲಿ. ಸಿಇಟಿ ಫಲಿತಾಂಶದ ಮಾರನೇ ದಿನ ಕೋಚಿಂಗ್ ಸೆಂಟರಿನವರ ಪುಟಗಟ್ಟಲೆ ಜಾಹೀರಾತು ನೆನಪಿದೆಯಾ? ರ‍್ಯಾಂಕ್ ಬಂದವರ ಫೋಟೋ ಸಾಲಾಗಿ. ಅದೇ ಕ್ಲಾಸಲ್ಲಿ, ಅದೇ ಫೀಸ್ ಕಟ್ಟಿ, ಅದೇ ಬೆಂಚಲ್ಲಿ ಕೂತಿದ್ದ ಉಳಿದವರ ಫೋಟೋ ಎಲ್ಲಿ? ಗಾನ್ ಅನ್ನೋದು ಆ ಜಾಹೀರಾತಿನ ಫೋಟೋ. ಅವನ ಥರಾನೇ ಉದ್ದ ಇದ್ದು, ಅವನ ಥರಾನೇ ಮಂಡಿ ಮುರಿದುಕೊಂಡು, ಐದು ವರ್ಷ ಕಾದು, ಕೊನೆಗೆ ಏನೂ ಆಗದೆ ಮನೆಗೆ ಹೋದವರ ಹೆಸರು ಅಭಿಮಾನಿಗಳಿಗೆ ನೆನಪಿಲ್ಲ. ನೆನಪಿಲ್ಲ ಅಂತಲೇ ಅವರು ಲೆಕ್ಕಕ್ಕೆ ಬರಲ್ಲ.

ಹಾಗಂತ ಎರಡನೇ ಪಂಗಡದವರು ಸರಿ ಅಂತಲೂ ಅಲ್ಲ. ಅವರು ಮಾತೆತ್ತಿದ್ರೆ 2007ರ ಡ್ರಾಫ್ಟ್ ಹೇಳ್ತಾರೆ. ಕಾರ್ಲ್‌ಟನ್ ಕ್ಲಬ್ ಒಂದನೇ ಆಯ್ಕೆಯಲ್ಲಿ ಮ್ಯಾಥ್ಯೂ ಕ್ರೂಝರ್ ಅನ್ನೋ ರಕ್‌ಮನ್‌ನ ತಗೊಳ್ತು. ಎರಡನೇ ಆಯ್ಕೆಯಲ್ಲಿ ರಿಚ್‌ಮಂಡ್‌ಗೆ ಸಿಕ್ಕಿದ್ದು ಟ್ರೆಂಟ್ ಕಾಚಿನ್, ಮುಂದೆ ಮೂರು ಕಪ್ ಗೆದ್ದ ನಾಯಕ. ಹತ್ತನೇದರಲ್ಲಿ ಪ್ಯಾಟ್ರಿಕ್ ಡೇಂಜರ್‌ಫೀಲ್ಡ್. ಕ್ರೂಝರ್ ಕೆಟ್ಟ ಆಟಗಾರನೇನಲ್ಲ, 189 ಮ್ಯಾಚ್ ಆಡಿದ, ಗಾಯಗಳ ಜೊತೆ ಗುದ್ದಾಡ್ತಾ 2020ರಲ್ಲಿ ನಿವೃತ್ತನಾದ. ಆದ್ರೆ "ಎತ್ತರದವರನ್ನ ಮೊದಲು ಆರಿಸಬೇಡಿ" ಅನ್ನೋರಿಗೆ ಅವನೊಂದು ಉದಾಹರಣೆಯಾಗಿ ಉಳಿದುಬಿಟ್ಟ. ಒಬ್ಬನ ಮಂಡಿ ಕೈಕೊಟ್ಟಿದ್ದಕ್ಕೆ ಉದ್ದನೆಯವರ ಕುಲಕ್ಕೇ ಶಿಕ್ಷೆ!

ಇನ್ನು "ರಕ್‌ಮನ್ ಮಾಗೋದೇ ಲೇಟು" ಅನ್ನೋ ಸೂತ್ರಕ್ಕೆ ಮೆಲ್ಬರ್ನ್‌ನ 2021ರ ಟೀಮಿನಲ್ಲೇ ಉತ್ತರ ಇತ್ತು. 29 ವರ್ಷದ ಗಾನ್ ಜೊತೆ ರಕ್ ಕೆಲಸ ಹಂಚಿಕೊಂಡವನು ಲ್ಯೂಕ್ ಜಾಕ್ಸನ್, ಬಾಸ್ಕೆಟ್‌ಬಾಲ್ ಬಿಟ್ಟು ಬಂದವನು. ಫೈನಲ್ ದಿನ ಅವನಿಗಿನ್ನೂ 19! ಆ ವರ್ಷದ ರೈಸಿಂಗ್ ಸ್ಟಾರ್ ಪ್ರಶಸ್ತಿಯೂ ಅವನಿಗೇ ಬಂತು. ಹಾಗಾಗಿ ಲೇಟಾಗಿ ಮಾಗೋದು ಬಹಳ ಜನರ ವಿಷಯದಲ್ಲಿ ನಿಜ ಇರಬಹುದು, ಆದ್ರೆ ಲೇಟಾದವರೆಲ್ಲ ಮಾಗ್ತಿದಾರೆ ಅಂತ ಅದರಿಂದ ಸಿದ್ಧವಾಗಲ್ಲ. ಈ "ಇನ್ನೆರಡು ವರ್ಷ" ಅನ್ನೋದು ನಮ್ಮ ಪ್ರಾಜೆಕ್ಟುಗಳ "ಇನ್ನೆರಡು ವಾರ" ಇದ್ದ ಹಾಗೆ. ಯಾವಾಗ ಕೇಳಿದ್ರೂ ಎರಡೇ ವಾರ ಬಾಕಿ :-)

ಮತ್ತೆ ನೋಡಬೇಕಾದ್ದು ಏನನ್ನ? ಎತ್ತರವನ್ನಂತೂ ಅಲ್ಲ. ಅದು ಅವನು ಬಂದ ದಿನವೇ ಎಲ್ಲರಿಗೂ ಕಾಣಿಸ್ತಿತ್ತು. ಹಿಟ್‌ಔಟ್ ಎಣಿಕೆಯೂ ಅಲ್ಲ. ಎಷ್ಟು ಸಾಲು ಕೋಡ್ ಬರೆದ ಅಂತ ಪ್ರೋಗ್ರಾಮರ್‌ನ ಅಳೆದ ಹಾಗಾಗತ್ತೆ. ಚೆಂಡು ತಟ್ಟಿದ್ದು ಎದುರಾಳಿಯ ಕೈಗೆ ಬಿದ್ದರೂ ಅದು ಹಿಟ್‌ಔಟೇ. ನಾನು ನೋಡೋದು ತಟ್ಟಿ ಕೆಳಗಿಳಿದ ಮೇಲಿನ ಐದು ಸೆಕೆಂಡು. ನಿಂತು ನೋಡ್ತಾನಾ, ಅಥವಾ ಇನ್ನೊಬ್ಬ ಮಿಡ್‌ಫೀಲ್ಡರ್ ಆಗಿಬಿಡ್ತಾನಾ? ನಾಲ್ಕನೇ ಕ್ವಾರ್ಟರ್‌ನಲ್ಲೂ ಹಾಗೇ ಓಡ್ತಾನಾ? ಮುಖ್ಯವಾಗಿ, ಹೋದ ವರ್ಷ ಮಾಡೋಕಾಗದ ಯಾವುದನ್ನ ಈ ವರ್ಷ ಮಾಡ್ತಿದಾನೆ?

ಇದಕ್ಕೆ ನನಗೆ ಸಿಕ್ಕ ಒಳ್ಳೇ ಸಾಕ್ಷಿ ಜಿಮ್ ಸ್ಟೈನ್ಸ್. 1984ರಲ್ಲಿ, 18ನೇ ವಯಸ್ಸಿಗೆ, ಡಬ್ಲಿನ್‌ನಿಂದ ಮೆಲ್ಬರ್ನ್ ಕ್ಲಬ್ಬಿಗೆ ಬಂದವನು. ಅವನಿಗೆ ಗೊತ್ತಿದ್ದದ್ದು ಗೇಲಿಕ್ ಫುಟ್‌ಬಾಲ್, ಅದರಲ್ಲಿ ಚೆಂಡು ಗುಂಡಗಿರತ್ತೆ. ಮೊಟ್ಟೆ ಆಕಾರದ ಚೆಂಡನ್ನ ಒದೆಯೋದನ್ನ ಮೊದಲಿಂದ ಕಲಿತ. ದೊಡ್ಡ ಟೀಮಿಗೆ ಬಂದಿದ್ದು 1987ರಲ್ಲಿ. 1964ರ ನಂತರ ಮೆಲ್ಬರ್ನ್ ಫೈನಲ್ಸ್ ಹಂತಕ್ಕೆ ಬಂದ ಮೊದಲ ವರ್ಷ ಅದು. ಪ್ರಿಲಿಮಿನರಿ ಫೈನಲ್, ಹಾಥಾರ್ನ್ ವಿರುದ್ಧ, ಕೊನೇ ಕ್ಷಣ, ಮೆಲ್ಬರ್ನ್ ಮುಂದಿದೆ. ಹಾಥಾರ್ನ್‌ನ ಗ್ಯಾರಿ ಬಕೆನಾರಾಗೆ ಫ್ರೀ ಕಿಕ್ ಸಿಕ್ಕಿತು, ಆದ್ರೆ ಗೋಲ್ ಬಹಳ ದೂರ. ಆಗ ನಮ್ಮ ಐರಿಷ್ ಹುಡುಗ ಒದೆಯೋನ ಮುಂದೆ ಅಡ್ಡಲಾಗಿ ಓಡಿಬಿಟ್ಟ. ನಿಯಮದ ಪ್ರಕಾರ 15 ಮೀಟರ್ ದಂಡ. ಅಷ್ಟು ಹತ್ತಿರದಿಂದ ಸೈರನ್ ಆದ ಮೇಲೆ ಬಕೆನಾರಾ ಒದ್ದ, ಗೋಲ್. ಎರಡು ಪಾಯಿಂಟ್‌ಗಳಿಂದ ಮೆಲ್ಬರ್ನ್ ಹೊರಗೆ.

ಅವತ್ತು ಸಂಜೆ ಅಭಿಮಾನಿಗಳ ಮತ ತಗೊಂಡಿದ್ರೆ ಸ್ಟೈನ್ಸ್‌ನ ಡಬ್ಲಿನ್ ವಿಮಾನ ಹತ್ತಿಸ್ತಿದ್ರು ಅಂತ ನನ್ನ ಊಹೆ. ಆದ್ರೆ ನೋಡೋ ಕಣ್ಣಿದ್ದವರಿಗೆ ಬೇರೆ ಒಂದು ವಿಷಯ ಕಾಣಿಸ್ತಿತ್ತು. ಅವನು ರಕ್‌ಮನ್ ಆಗಿದ್ದೂ ಮಿಡ್‌ಫೀಲ್ಡರ್ ಥರ ಮೈದಾನದ ತುಂಬ ಓಡ್ತಿದ್ದ, ದಣಿವು ಅನ್ನೋದೇ ಇಲ್ಲ. ಎದುರಾಳಿ ರಕ್‌ಮನ್ ಏದುಸಿರು ಬಿಡುವಾಗ ಇವನು ಇನ್ನೊಂದು ಕಡೆ ಚೆಂಡು ಹಿಡಿದಿರ್ತಿದ್ದ. ನಾಲ್ಕು ವರ್ಷದ ಮೇಲೆ, 1991ರಲ್ಲಿ, ಲೀಗ್‌ನ ಅತ್ಯುತ್ತಮ ಆಟಗಾರನಿಗೆ ಕೊಡೋ ಬ್ರೌನ್ಲೋ ಪದಕ ಅವನಿಗೆ ಬಂತು. ಸತತ 244 ಪಂದ್ಯ ಆಡಿದ ದಾಖಲೆಯೂ ಅವನದೇ. 2009ರಲ್ಲಿ ಕ್ಲಬ್ ಗಾನ್‌ನ ಆರಿಸಿದಾಗ ಅದರ ಅಧ್ಯಕ್ಷ ಇದೇ ಸ್ಟೈನ್ಸ್. 2012ರಲ್ಲಿ ತೀರಿಕೊಂಡ.

ಎತ್ತರವನ್ನೇ ನಂಬಿ ಕೂರಬಾರದು ಅನ್ನೋಕೆ ಇನ್ನೊಂದು ಕಾರಣ, ನಿಯಮಗಳೇ ನಿಲ್ಲಲ್ಲ. 2016ರವರೆಗೆ ಇಬ್ಬರು ರಕ್‌ಮನ್‌ಗಳು ಹಾರುವಾಗ ಮೂರನೆಯವನೊಬ್ಬ ಮಧ್ಯೆ ನುಗ್ಗಿ ತಟ್ಟಬಹುದಿತ್ತು, 2017ರಿಂದ ಅದಕ್ಕೆ ನಿಷೇಧ. ಅಂಪೈರ್ ಚೆಂಡನ್ನ ನೆಲಕ್ಕೆ ಅಪ್ಪಳಿಸಿ ಪುಟಿಸೋ ಹಳೇ ಪದ್ಧತಿಯೂ 2026ರಿಂದ ಹೋಗಿ, ಸುಮ್ನೆ ಮೇಲಕ್ಕೆ ಎಸೆಯೋದು ಬಂತು. ಐದು ವರ್ಷ ಒಂದು ಥರದ ಆಟಕ್ಕೆ ಮೈ ಬೆಳೆಸಿದ ಹುಡುಗನಿಗೆ ಆಟವೇ ಬೇರೆ ಆಗಿಬಿಡಬಹುದು.

ಇಷ್ಟು ಹೊತ್ತು ಹೇಳಿದ್ದು ಕ್ಲಬ್ಬಿನ ಲೆಕ್ಕ, ಅಭಿಮಾನಿಗಳ ಲೆಕ್ಕ. ಹುಡುಗನ ಲೆಕ್ಕ ಯಾರು ಮಾಡ್ತಾರೆ? ಇದು ನನಗೆ ಕಾಡಿದ್ದು ಮೇಸನ್ ಕಾಕ್ಸ್ ಬಗ್ಗೆ ತಿಳಿದ ಮೇಲೆ. ಟೆಕ್ಸಾಸ್‌ನವನು, 211 ಸೆಂಟಿಮೀಟರ್. 2014ರಲ್ಲಿ ಕಾಲಿಂಗ್‌ವುಡ್ ಕರೆದಾಗ ಅವನಿಗೆ 23, ಅದಕ್ಕೆ ಮೊದಲು ಈ ಆಟ ಆಡಿದವನೇ ಅಲ್ಲ. 2016ರ ಆನ್ಜಾಕ್ ಡೇ ದಿನ ಮೊದಲ ಮ್ಯಾಚ್, ಮೊದಲ ಒದೆತಕ್ಕೇ ಗೋಲ್. 2023ರಲ್ಲಿ ಕಾಲಿಂಗ್‌ವುಡ್ ನಾಲ್ಕು ಪಾಯಿಂಟ್‌ಗಳಿಂದ ಕಪ್ ಗೆದ್ದಾಗ ಟೀಮಿನಲ್ಲಿದ್ದ, ಆಗ 32 ವರ್ಷ. "ನೋಡಿ, ತಾಳ್ಮೆ ಅಂದ್ರೆ ಇದು" ಅಂತ ಎಲ್ಲರೂ ಅವನನ್ನ ತೋರಿಸ್ತಾರೆ. ಆದ್ರೆ ಅವನು ವಿಮಾನ ಹತ್ತುವಾಗ ಒಕ್ಲಹೋಮ ಸ್ಟೇಟ್‌ನ ಮೆಕ್ಯಾನಿಕಲ್ ಇಂಜಿನಿಯರಿಂಗ್ ಡಿಗ್ರಿ ಮುಗಿಸಿದ್ದ ಅನ್ನೋದನ್ನ ಯಾರೂ ಲೆಕ್ಕಕ್ಕೆ ಹಿಡಿಯಲ್ಲ. ಫೂಟಿ ಕೈಹಿಡಿಯದಿದ್ರೆ ವಾಪಸ್ ಹೋಗಿ ಕೆಲಸಕ್ಕೆ ಸೇರ್ತಿದ್ದ, ಅಷ್ಟೇ. ಕೈಯಲ್ಲಿ ಒಂದು ಇಂಜಿನಿಯರಿಂಗ್ ಡಿಗ್ರಿ ಇದ್ರೆ ಎಷ್ಟು ಧೈರ್ಯ ಬರತ್ತೆ ಅಂತ ನನಗೂ ಗೊತ್ತು, ನಿಮ್ಮಲ್ಲಿ ಅರ್ಧ ಜನಕ್ಕೂ ಗೊತ್ತು!

18ಕ್ಕೆ ಡ್ರಾಫ್ಟ್ ಆದ ಹುಡುಗನಿಗೆ ಅದಿಲ್ಲ. ಪರ್ತ್‌ನವನನ್ನ ಮೆಲ್ಬರ್ನ್ ಕ್ಲಬ್ ಆರಿಸಿದ್ರೆ ಎರಡೂವರೆ ಸಾವಿರ ಕಿಲೋಮೀಟರಿಗಿಂತ ದೂರ ಬಂದು, ಅಪ್ಪ ಅಮ್ಮನ್ನ ಬಿಟ್ಟು, ಎರಡು-ಮೂರು ವರ್ಷದ ಕರಾರಿನ ಮೇಲೆ ಇರ್ತಾನೆ. ಅವನ ವಾರಿಗೆಯವರು ಕಾಲೇಜು ಮುಗಿಸೋ ಹೊತ್ತಿಗೆ ಇವನು "ಇನ್ನೆರಡು ವರ್ಷ"ದ ಮಧ್ಯದಲ್ಲಿ. ನಮ್ಮ ಫೀಲ್ಡಿನಲ್ಲಿ ಬೆಂಚ್ ಅಂತೀವಲ್ಲ, ಹಾಗೇ. ನನ್ನ ಬ್ಯಾಚಿನವನೊಬ್ಬ ಒಂದು ಕಂಪನಿಯಲ್ಲಿ ಎಂಟು ತಿಂಗಳು ಬೆಂಚ್ ಮೇಲೆ ಕೂತಿದ್ದ. ಸಂಬಳ ಬರ್ತಿತ್ತು, ಕೆಲಸ ಇರ್ಲಿಲ್ಲ, "ನಿನ್ನಲ್ಲಿ ಪೊಟೆನ್ಷಿಯಲ್ ಇದೆ" ಅಂತ ಮ್ಯಾನೇಜರ್ ತಿಂಗಳಿಗೊಮ್ಮೆ ಹೇಳ್ತಿದ್ರು. ಅವನಿಗೆ ಬೇಕಾಗಿದ್ದದ್ದು ಹೊಗಳಿಕೆ ಅಲ್ಲ, ಏನು ಕಲಿತ್ರೆ ಯಾವ ತಿಂಗಳಿಗೆ ಪ್ರಾಜೆಕ್ಟ್ ಸಿಗತ್ತೆ ಅನ್ನೋ ಒಂದು ನೇರ ಮಾತು.

ರಕ್‌ಮನ್ ಹುಡುಗನಿಗೂ ಕ್ಲಬ್ಬು ಇದನ್ನೇ ಕೊಡಬೇಕು ಅನ್ನೋದು ನನ್ನ ವಾದ. ಐದು ವರ್ಷ ಬೇಕಾದ್ರೂ ಇಟ್ಟುಕೊಳ್ಳಿ, ಆದ್ರೆ ಪ್ರತಿ ವರ್ಷ ಏನು ಬದಲಾಗಬೇಕು ಅಂತ ಸೀಸನ್ ಶುರುವಿನಲ್ಲೇ ಹೇಳಿ. ಜೊತೆಗೆ ವಾರಕ್ಕೆರಡು ದಿನ ಕಾಲೇಜಿಗೂ ಕಳಿಸಿ. ಆಫೀಸಿನಲ್ಲಿ ಇದನ್ನ ಹೇಳಿದ್ರೆ ಎರಡೂ ಪಂಗಡದವರಿಗೂ ನನ್ನ ಮೇಲೆ ಸಿಟ್ಟು. "ಅಷ್ಟೆಲ್ಲ ಬಿಡು, ಹುಡುಗ ಆಗ್ತಾನಾ ಇಲ್ವಾ ಹೇಳು" ಅಂತಾರೆ.

ಬೆಂಚ್ ಮೇಲೆ ಕೂತು ಎದ್ದು ಬಂದವರು ನಿಮ್ಮಲ್ಲೂ ಇರಬೇಕು. ನಿಮಗೆ ನೇರವಾಗಿ ಹೇಳಿದವರು ಯಾರಾದ್ರೂ ಇದ್ರಾ? ಎಷ್ಟನೇ ತಿಂಗಳಿಗೆ?