ಬಾಯಿ ಸುಟ್ಟ ಬೆಕ್ಕು

ತೆನಾಲಿ ರಾಮನ ಬೆಕ್ಕಿನ ಕತೆ ಕೇಳಿ ನಗದವರಿಲ್ಲ. ಕೃಷ್ಣದೇವರಾಯ ಸಾಕಲು ಕೊಟ್ಟ ಮರಿಗೆ ಅವನು ಕುದಿಯುವ ಹಾಲಿಟ್ಟ. ಆಮೇಲೆ ಅದು ಹಾಲು ಕಂಡರೆ ಓಡಿತು. ನಾವು ರಾಮನ ಜಾಣತನ ಮೆಚ್ಚಿದೆವು, ಬೆಕ್ಕಿನ ಸುಟ್ಟ ಬಾಯಿಯನ್ನು ಮರೆತೆವು.

ಬೆಕ್ಕು ದತ್ತು ಕೇಳಿ ಬರುವವರಲ್ಲೂ ಇದೇ ಮರೆವು. ಬೀದಿಯಿಂದ ತಂದ ಬೆಕ್ಕುಗಳನ್ನು ಖಾಯಂ ಮನೆ ಸಿಗುವತನಕ ಸಾಕುವ ಗೆಳತಿಯೊಬ್ಬಳು ಬೆಂಗಳೂರಿನಲ್ಲಿದ್ದಾಳೆ. ಬಂದವರು ಮರಿಗಳನ್ನೇ ಎತ್ತಿಕೊಳ್ಳುತ್ತಾರೆ. ಮಂಚದಡಿ ಅವಿತ 4 ವರ್ಷದ ಹೆಣ್ಣುಬೆಕ್ಕನ್ನು ಬಗ್ಗಿ ನೋಡಿ, ‘ಇದು ಹತ್ತಿರಾನೇ ಬರಲ್ವಲ್ಲ, ಏನು ಪ್ರಯೋಜನ?’ ಎನ್ನುತ್ತಾರೆ. ಅದು ಅಲ್ಲೇ ಉಳಿದಷ್ಟು ದಿನ, ಬೀದಿಯಲ್ಲಿ ಗಾಯಗೊಂಡು ಬಿದ್ದ ಇನ್ನೊಂದಕ್ಕೆ ಜಾಗವಿಲ್ಲ.

ಮರಿಗಳು 2ರಿಂದ 7 ವಾರದೊಳಗೆ ಮನುಷ್ಯರಿಗೆ ಸುಲಭವಾಗಿ ಒಗ್ಗುತ್ತವೆ. ಆ ದಿನಗಳನ್ನು ಬೀದಿಯಲ್ಲಿ ಕಳೆದ ಬೆಕ್ಕಿಗೆ ಅಂಜಿಕೆ ದೋಷವಲ್ಲ, ಜೀವ ಉಳಿಸಿದ ವಿದ್ಯೆ. ಅದಕ್ಕೆ ಬೇಕಾದದ್ದು ಒಂದು ಕೋಣೆ, ಅಡಗಲು ರಟ್ಟಿನ ಪೆಟ್ಟಿಗೆ, ಹೊತ್ತಿಗೆ ಸರಿಯಾಗಿ ಊಟ, ಎಳೆದುಕೊಳ್ಳದ ಕೈ. ನಿಧಾನವಾಗಿ ಕಣ್ಣು ಮಿಟುಕಿಸಿದರೆ ಬೆಕ್ಕುಗಳು ಅಪರಿಚಿತರ ಬಳಿಗೂ ಹೆಚ್ಚು ಬರುತ್ತವೆಂದು ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿ ತೋರಿಸಿದರು. ಖರ್ಚೇನಿಲ್ಲ, ತಾಳ್ಮೆ ಬೇಕು. ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ.

ನನ್ನ ಜೊತೆಯ ಸಂಶೋಧನಾ ವಿದ್ಯಾರ್ಥಿಗಳು ಒಂದು ಅಧ್ಯಾಯಕ್ಕೆ ಮಾರ್ಗದರ್ಶಕರ ಒಪ್ಪಿಗೆಗಾಗಿ ತಿಂಗಳುಗಟ್ಟಲೆ ಕಾಯುತ್ತಾರೆ. ಬೆಕ್ಕು ಮಾತ್ರ ಒಂದೇ ಸಂಜೆಗೆ ಮಡಿಲೇರಬೇಕು! ತಕ್ಷಣದ ಮುದ್ದು ಬೇಕಾದವರು ಗೊಂಬೆ ಕೊಳ್ಳಲಿ. ಬೆಕ್ಕೇ ಬೇಕೆನ್ನುವವರು, ದಯವಿಟ್ಟು, ಆ ಮಂಚದ ಪಕ್ಕ ನೆಲದ ಮೇಲೆ ಸುಮ್ಮನೆ ಕೂರುವುದನ್ನು ಕಲಿಯಲಿ.