ಮದ್ದು ಬಿಡುವವರ ಹಗ್ಗ

ಈ ಸಲ ಎರಡನೇ ಮದ್ದು ಬಿಡುವ ದಿನ, ನಮ್ಮಲ್ಲಿಗೆ ಮರ ಹತ್ತಲು ಬರುವ ಹುಡುಗ ಸೊಂಟದ ಹಗ್ಗ ಬಿಚ್ಚಿ ನನ್ನ ಕೈಗಿತ್ತ. "ಅಣ್ಣ, ಇದನ್ನು ಇನ್ನು ನಂಬ್ಲಿಕ್ಕೆ ಆಗುದಿಲ್ಲ" ಎಂದ. ಮುಟ್ಟಿ ನೋಡಿದೆ. ಬೋರ್ಡೋ ಹಿಡಿದು ಕೋಲಿನ ಹಾಗೆ ಸೆಟೆದಿತ್ತು, ಮರಕ್ಕೆ ಉಜ್ಜುವ ಜಾಗದಲ್ಲಿ ನೂಲು ಎದ್ದಿತ್ತು. ನೋಡಬೇಕಾದವನು ನಾನು, ತೋರಿಸಿದವನು ಅವನು.

ಹೊಸತಕ್ಕೆಂದು ಬೆಟ್ಟ ಹತ್ತುವವರ ಸಾಮಾನು ಮಾರುವಲ್ಲಿಗೆ ಹೋದೆ. ನೈಲಾನ್ ಹಗ್ಗದಲ್ಲಿ ಎರಡು ಜಾತಿ: ನೀರು ಹೀರದಂತೆ ಲೇಪ ಕೊಟ್ಟದ್ದು, ಕೊಡದ್ದು. ಲೇಪದ್ದಕ್ಕೆ ಕ್ರಯ ಜಾಸ್ತಿ. ಮಳೆಗಾಲದ ಕೆಲಸವಲ್ಲವೇ, ಅದೇ ಇರಲಿ ಎಂದು ಯಾರಿಗೂ ಅನಿಸುತ್ತದೆ.

ಲೇಪ ಸುಳ್ಳಲ್ಲ. ಅಂತಾರಾಷ್ಟ್ರೀಯ ಪರ್ವತಾರೋಹಣ ಒಕ್ಕೂಟದ ಮುದ್ರೆ ಬೇಕಾದರೆ, ಅವರ ಪರೀಕ್ಷೆಯಲ್ಲಿ ಹಗ್ಗ ತನ್ನ ತೂಕದ ಶೇ. 5ಕ್ಕಿಂತ ಹೆಚ್ಚು ನೀರು ಹೀರಬಾರದು. ಲೇಪವಿಲ್ಲದ್ದು ಅದರ ಎಷ್ಟೋ ಪಾಲು ಹೀರುತ್ತದೆ. ನೀರು ಕುಡಿದ ನೈಲಾನಿಗೆ ಬಲ ಕಡಿಮೆ. ಆದರೆ ಇಟಲಿಯ ಆಲ್ಪೈನ್ ಕ್ಲಬ್ಬಿನವರು 2001ರಲ್ಲಿ ಪ್ರಕಟಿಸಿದ ಪರೀಕ್ಷೆ ನೋಡಿ. ಚೆನ್ನಾಗಿ ನೆನೆದ ಹಗ್ಗ, ಒಣಗಿದ್ದಾಗ ತಾಳುತ್ತಿದ್ದ ಬೀಳುಗಳಲ್ಲಿ ಸುಮಾರು ಮೂರರಲ್ಲೊಂದು ಪಾಲನ್ನು ಮಾತ್ರ ತಾಳಿತು. ಲೇಪದ್ದಕ್ಕೂ ಹೆಚ್ಚು ಕಡಿಮೆ ಅದೇ ಗತಿ. ಒಣಗಿಸಿದ ಮೇಲೆ ಬಲ ಬಹುಮಟ್ಟಿಗೆ ಮರಳಿತು.

ಹಿಮದ ಮೇಲೆ ಎಳೆಯುವ ಹಗ್ಗಕ್ಕೆ ಲೇಪ ಸರಿ. ನಮ್ಮದು ಆಟಿಯ ಮಳೆ ಮಾರಾಯ್ರೇ! ಬೆಳಿಗ್ಗೆ ಒದ್ದೆಯಾದದ್ದು ಸಂಜೆವರೆಗೂ ಒದ್ದೆ. ಮೇಲಿಂದ ಅಡಿಕೆ ಮರದ ತೊಗಟೆಯ ಉಜ್ಜಾಟ, ಸುಣ್ಣದ ಕಣ. ಉಜ್ಜಿದಷ್ಟೂ ಲೇಪ ಹೋಗುತ್ತದೆ. ಅದಕ್ಕೆ ಜಾಸ್ತಿ ಹಣ ಹಾಕುವ ಬದಲು ಪಾಲಿಯೆಸ್ಟರಿನ, ಹೆಚ್ಚು ಹಿಗ್ಗದ ಹಗ್ಗ ಕೊಳ್ಳಿ ಎನ್ನುತ್ತೇನೆ. ಪಾಲಿಯೆಸ್ಟರಿಗೆ ನೀರು ಹೀರುವ ಗುಣವೇ ಬಹಳ ಕಡಿಮೆ, ನೆನೆದರೂ ಬಲ ಇಳಿಯುವುದಿಲ್ಲವೆನ್ನಬಹುದು. ಒಂದು ಎಚ್ಚರಿಕೆ: ಹಿಗ್ಗದ ಹಗ್ಗ ಬಿದ್ದವನ ಏಟನ್ನು ನುಂಗುವುದಿಲ್ಲ. ಸಡಿಲ ಬಿಡದೆ ಮರಕ್ಕೆ ಬಿಗಿಯಾಗಿಯೇ ಇರಬೇಕು.

ಸಂಜೆ ಬರೀ ನೀರಿನಲ್ಲಿ ತೊಳೆದು ನೆರಳಲ್ಲಿ ಹರಡಬೇಕು. ಬಚ್ಚಲ ಒಲೆಯ ಮೇಲೆ ಒಣಗಿಸುವವರಿದ್ದಾರೆ, ಬೇಡ. ಈ ಕೆಲಸ ಮರ ಹತ್ತುವವನ ಮೇಲೆ ಹಾಕುವುದೂ ಸರಿಯಲ್ಲ. ಕೂಲಿ ಮುಗಿಸಿ ಹೋಗುವವನಿಗೆ ಮನೆಯಲ್ಲಿ ಬಟ್ಟೆ ಒಣಗಿಸಲಿಕ್ಕೇ ಜಾಗವಿಲ್ಲ. ತೋಟದ ಯಜಮಾನನೇ ಹಗ್ಗ ಕೊಳ್ಳಲಿ, ತೊಳೆಯಲಿ, ಪ್ರತಿ ಬೆಳಿಗ್ಗೆ ಬೆರಳಾಡಿಸಿ ನೋಡಲಿ. ಪಂಪಿನ ವಾಷರು ನೋಡುತ್ತೇವಲ್ಲ, ಹಾಗೆ.

ಹೊಸ ಹಗ್ಗಕ್ಕೆ ತಾರೀಕು ಬರೆದ ಚೀಟಿ ಕಟ್ಟಿದ್ದೇನೆ. ಹಳೆಯದನ್ನು ಯಾರೂ ಮತ್ತೆ ಸೊಂಟಕ್ಕೆ ಸುತ್ತದಂತೆ ಗೇಣುಗೇಣು ತುಂಡು ಮಾಡಿದೆ. ಬಾಳೆಗೆ ಆಧಾರ ಕಟ್ಟಲಿಕ್ಕಾಯಿತು.